ಈಜುಕೊಳ, ಸಂಪ್ ಹತ್ರ ಎಚ್ಚರಿಕೆ ಬೋರ್ಡ್: ಏನು ಬರೆಸೋದು, ಎಲ್ಲಿ ಹಾಕೋದು?

ಸರ್ಜಾಪುರ_ಸಿಬ್ಲಾಕ್:
120 ಮನೆಯ ಅಪಾರ್ಟ್‌ಮೆಂಟ್. ಕೊಳದ ಆಳ 3ರಿಂದ 4.5 ಅಡಿ, ಪಕ್ಕದಲ್ಲೇ ಎರಡು ಸಂಪ್. ‘ಅವಘಡಕ್ಕೆ ಸಂಘ ಹೊಣೆಯಲ್ಲ’ ಅಂತ ದೊಡ್ಡದೊಂದು ಬೋರ್ಡ್ ಹಾಕಿದ್ರೆ ಸಾಕು ಅಂತಿದೆ ಕಮಿಟಿ. ಸಾಕಾ? ಬೈಲಾ ತಿದ್ದಬೇಕಾ?

ಠರಾವು_ಪುಸ್ತಕ:
ಆ ಒಂದು ಸಾಲಿಂದ ಹೊಣೆ ಕಳಚಿಕೊಳ್ಳಲ್ಲ. ಗೇಟಿಗೆ ಬೀಗ ಇಲ್ಲದೆ ಜೀವ ಹೋದ್ರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್, ಅಂದ್ರೆ ನಿರ್ಲಕ್ಷ್ಯದಿಂದಾದ ಸಾವು, ಬರಬಹುದು. ಬೋರ್ಡೇ ತಿರುಗಿಬೀಳಬಹುದು: ಅಪಾಯ ಗೊತ್ತಿತ್ತು, ಬರೆಸಿ ಕೈತೊಳೆದುಕೊಂಡ್ರು ಅಂತ. ಸಮಯ, ವಯಸ್ಸು, ಕೀ ಯಾರ ಹತ್ರ ಅನ್ನೋದನ್ನ ಬಳಕೆ ನಿಯಮ ಅಂತ ಠರಾವು ಮಾಡಿ, ಸರ್ವಸದಸ್ಯರ ಸಭೆಯಲ್ಲಿ ಒಪ್ಪಿಗೆ ತಗೊಳ್ಳಿ. ದಂಡ ಹಾಕೋದಾದ್ರೆ ಮಾತ್ರ ಬೈಲಾದಲ್ಲಿ ಅದಕ್ಕೆ ಅಧಿಕಾರ ಇದೆಯಾ ನೋಡಿ.

ಬೋರ್ಡ್_ಮೇಸ್ತ್ರಿ:
ಹತ್ತು ನಿಯಮ ಇರೋ ದೊಡ್ಡ ಬೋರ್ಡನ್ನ ಯಾರೂ ಓದಲ್ಲ. ಅದು ಗೇಟಿನ ಹೊರಗಿರಲಿ. ನೀರಿನ ಹತ್ರ ಚಿತ್ರ ಇರಬೇಕು: ನಿಷೇಧಕ್ಕೆ ಕೆಂಪು ವೃತ್ತ, ಅಪಾಯಕ್ಕೆ ಹಳದಿ ತ್ರಿಕೋನ. 10 ಮೀಟರ್ ದೂರಕ್ಕೆ ಚಿಹ್ನೆ ಕನಿಷ್ಠ 100 ಮಿ.ಮೀ. ಎತ್ತರ ಬೇಕು, ಬೆಳಕು ಕಮ್ಮಿ ಇದ್ರೆ ಇನ್ನೂ ದೊಡ್ಡದು. ಆಳದ ಅಂಕಿಯನ್ನ ಕೊಳದ ಅಂಚಿನ ಟೈಲ್ಸ್ ಮೇಲೇ ಬರೆಸಿ, ಎರಡೂ ತುದಿಯಲ್ಲಿ, ನೆಲ ಇಳಿಜಾರಾಗೋ ಕಡೆ ತಪ್ಪದೆ. 4.5 ಅಡಿಗೆ ತಲೆಕೆಳಗಾಗಿ ಧುಮುಕಿದ್ರೆ ಕುತ್ತಿಗೆ ಮೂಳೆ ಮುರಿಯಬಹುದು, ಹಾಗಾಗಿ ‘ಡೈವಿಂಗ್ ಬೇಡ’ ಚಿಹ್ನೆ ಉದ್ದಕ್ಕೂ ಮತ್ತೆ ಮತ್ತೆ ಬರಲಿ. ಸನ್‌ಬೋರ್ಡ್ (ಫೋಮ್ ಶೀಟ್) ಬೇಡವೇ ಬೇಡ, ಎರಡು ಬೇಸಿಗೆಗೆ ಸೊಟ್ಟಗಾಗತ್ತೆ. 3 ಮಿ.ಮೀ. ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್ ಶೀಟ್), ಬಿಸಿಲಿಗೆ ಬಣ್ಣ ಮಾಸದ ಹಾಗೆ ಯುವಿ ಲ್ಯಾಮಿನೇಶನ್, 316 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ. 304 ಹಾಕಿದ್ರೆ ಕ್ಲೋರಿನ್ ಗಾಳಿಗೆ ತುಕ್ಕು ಹಿಡಿದು ಬೋರ್ಡ್ ಮೇಲೆಲ್ಲ ಕಂದು ಗೆರೆ ಇಳಿಯತ್ತೆ.

ಸಂಪ್_ಕೀಲಿ:
ಎಲ್ಲರೂ ಕೊಳದ ಬಗ್ಗೆನೇ ಮಾತಾಡ್ತಾರೆ. ನನ್ನ ಪ್ರಕಾರ ಸಂಪೇ ಜಾಸ್ತಿ ಅಪಾಯ, ಯಾಕಂದ್ರೆ ಟ್ಯಾಂಕರ್‌ನವರು ಪೈಪ್ ಇಳಿಸಿ ಮುಚ್ಚಳ ಹಾಗೇ ಬಿಟ್ಟು ಹೋಗ್ತಾರೆ. ಟ್ಯಾಂಕರ್‌ಗೆ ಬೇರೆ ಇನ್‌ಲೆಟ್ ಪೈಪ್ ಕೊಡಿ, ಮುಚ್ಚಳ ತೆಗೆಯೋ ಕೆಲಸವೇ ಇರಲ್ಲ. ಒಳಗೆ 12 ಮಿ.ಮೀ. ಸರಳಿನ ಜಾಲರಿ, ಸಂದು 10 ಸೆಂ.ಮೀ. ಒಳಗಿರಲಿ, ಅದಕ್ಕೂ ಬೀಗ. ಕ್ಲೀನ್ ಮಾಡೋರು ಒಳಗೆ ಇಳಿಯೋ ಮುಂಚೆ ಗಾಳಿ ಬಿಡಬೇಕು, ಮೇಲೊಬ್ಬರು ನಿಂತಿರಬೇಕು. ಇದನ್ನ ಮುಚ್ಚಳದ ಮೇಲೇ ಕನ್ನಡ, ಹಿಂದಿ ಎರಡರಲ್ಲೂ ಬರೆಸಿ.

ಸರ್ಜಾಪುರ_ಸಿಬ್ಲಾಕ್:
ಕೊಳದ ಹತ್ರ ಫೋನ್ ನಂಬರ್ ಯಾವುದು ಹಾಕೋದು?

ಬೋರ್ಡ್_ಮೇಸ್ತ್ರಿ:
112, 108, ಸೆಕ್ಯೂರಿಟಿ ಇಂಟರ್‌ಕಾಮ್. ಸೆಕ್ರೆಟರಿ ಮೊಬೈಲ್ ನಂಬರ್ ಬೇಡ, ಪ್ರತಿ ಚುನಾವಣೆಗೂ ಹೊಸ ಬೋರ್ಡ್ ಮಾಡಿಸ್ಬೇಕಾಗತ್ತೆ.