ಗಾಲಿಕುರ್ಚಿ ಲಿಫ್ಟಿನ ದೋಷ: ದುರಸ್ತಿಯಾಗುವವರೆಗೆ ಬಳಸಬಹುದೇ?

ಪ್ರಶ್ನೆ (ಮುಳ್ಳೇರಿಯ): ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದ ಮಕ್ಕಳನ್ನು ಬಡ್ಸ್ ಶಾಲೆಗೆ (ಬೌದ್ಧಿಕ ಸವಾಲುಳ್ಳ ಮಕ್ಕಳ ವಿಶೇಷ ಶಾಲೆ) ಕರೆದೊಯ್ಯುವ ನಮ್ಮ ವ್ಯಾನಿನ ಲಿಫ್ಟನ್ನು ದೋಷದ ಕಾರಣ ತಯಾರಕರು ಹಿಂದಕ್ಕೆ ಕರೆಸಿಕೊಳ್ಳುತ್ತಿದ್ದಾರೆ. ವೇದಿಕೆಯ ಹೊರ ಅಂಚಿನ ತಡೆಪಟ್ಟಿ ಪೂರ್ತಿ ಎದ್ದು ನಿಲ್ಲುವ ಮೊದಲೇ ಲಿಫ್ಟು ಏರತೊಡಗುತ್ತದೆ. ಜಾಗ್ರತೆಯಿಂದ ಬಳಸಬಹುದೇ? ಖರ್ಚು ಯಾರದು?

ಉತ್ತರ 1: ದಯವಿಟ್ಟು ಒಂದು ದಿನವೂ ಬಳಸಬೇಡಿ. ಚಕ್ರ ಹೊರಗೆ ಜಾರದಂತೆ ತಡೆಯುವುದು ಆ ಪಟ್ಟಿಯೇ. ಬ್ಯಾಟರಿ ಕುರ್ಚಿಯೊಂದೇ 100 ಕಿಲೋ ಮೀರುವುದುಂಟು, ಅದು ಉರುಳತೊಡಗಿದರೆ ಪಕ್ಕದಲ್ಲಿ ನಿಂತ ಆಯಾ ಕೈಯಲ್ಲಿ ಹಿಡಿದು ನಿಲ್ಲಿಸಲಾರರು.

ಉತ್ತರ 2: 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 110ಎ ಕಲಮಿನ ಪ್ರಕಾರ, ದೋಷವನ್ನು ಕಂಡುಕೊಂಡ ತಯಾರಕರು ಕೇಂದ್ರ ಸರ್ಕಾರಕ್ಕೆ ತಿಳಿಸಿ ವಾಹನಗಳನ್ನು ತಾವೇ ಹಿಂದಕ್ಕೆ ಕರೆಸಬೇಕು. ಆದರೆ ಲಿಫ್ಟನ್ನು ಆಮೇಲೆ ಬೇರೆಯವರು ಜೋಡಿಸಿದ್ದರೆ ಚಾಸಿ ನಂಬರಷ್ಟೇ ಸಾಲದು. ಲಿಫ್ಟಿನ ಫಲಕದಲ್ಲಿರುವ ಸೀರಿಯಲ್ ನಂಬರನ್ನೂ ಕೊಟ್ಟು, ಉಚಿತ ದುರಸ್ತಿಯ ಭರವಸೆಯನ್ನು ಲಿಖಿತವಾಗಿಯೇ ಪಡೆಯಿರಿ.

ಉತ್ತರ 3: ಅಲ್ಲಿಯವರೆಗೆ ಮಡಚುವ ರ‍್ಯಾಂಪ್ ಸಾಕಾದೀತು, ಆದರೆ ಉದ್ದವಾದದ್ದನ್ನೇ ಆರಿಸಿ.