ಅಪ್‌ಡೇಟ್: ಸಿ ಡ್ರೈವ್‌ನಲ್ಲಿ ಕಾಣೆಯಾಗಿದ್ದ ಜಾಗ ಸಿಕ್ಕಿತು

ಮನೆ ಕಂಪ್ಯೂಟರ್‌ನ ಸಿ ಡ್ರೈವ್ ಭರ್ತಿ ಅನ್ನುತ್ತಿದೆ, ಆದರೆ ಎಲ್ಲ ಫೋಲ್ಡರ್ ಸೆಲೆಕ್ಟ್ ಮಾಡಿ ಪ್ರಾಪರ್ಟೀಸ್ ನೋಡಿದರೆ 170 ಜಿಬಿ ಅಷ್ಟೇ, ಉಳಿದದ್ದು ಎಲ್ಲಿ ಹೋಯಿತು ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

256 ಜಿಬಿ ಡಿಸ್ಕ್ 238 ಅಂತ ತೋರಿಸುವುದು ನಷ್ಟವೇ ಅಲ್ಲ. ಕೆಬಿ, ಎಂಬಿ, ಜಿಬಿ ಅಂತ ಏರುವಾಗ ತಯಾರಿಸುವವರದ್ದು 1000ದ ಲೆಕ್ಕ, ವಿಂಡೋಸ್‌ದು 1024ರ ಲೆಕ್ಕ. ಅದನ್ನು ಅಲ್ಲಿಗೇ ಬಿಟ್ಟೆ.

ಜಾಸ್ತಿ ಜಾಗ ನುಂಗಿದ್ದು ರಿಸ್ಟೋರ್ ಪಾಯಿಂಟ್‌ಗಳು, ಅಂದರೆ ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ವಿಂಡೋಸ್ ಉಳಿಸಿಟ್ಟುಕೊಳ್ಳುವ ಪ್ರತಿಗಳು. ಇವು ಕೂರುವ ‘ಸಿಸ್ಟಂ ವಾಲ್ಯೂಮ್ ಇನ್ಫರ್ಮೇಶನ್’ ಫೋಲ್ಡರ್ ಒಳಗೆ ಅಡ್ಮಿನ್ ಅಕೌಂಟ್‌ಗೂ ನೇರ ಪ್ರವೇಶವಿಲ್ಲ. ಹಾಗಾಗಿ ಪ್ರಾಪರ್ಟೀಸ್ ಲೆಕ್ಕಕ್ಕೆ ಅದು ಸಿಗುವುದೇ ಇಲ್ಲ. ಸಿಸ್ಟಂ ಪ್ರೊಟೆಕ್ಷನ್‌ಗೆ ಹೋಗಿ ಕಾನ್ಫಿಗರ್ ಒತ್ತಿದರೆ ‘ಕರೆಂಟ್ ಯೂಸೇಜ್’ ಅಂತ ಒಂದು ಸಾಲು ಇದೆ ನೋಡಿ, ಅಲ್ಲಿ 31 ಜಿಬಿ! ಕೆಳಗಿನ ಸ್ಲೈಡರ್ ಎಳೆದು ಡಿಸ್ಕ್‌ನ ಶೇಕಡಾ 3ಕ್ಕೆ ಇಳಿಸಿದೆ. ಹಳೆಯವು ಹೋದವು, ಹೊಸದೊಂದು ಉಳಿಯಿತು. ಸಿಸ್ಟಂ ಪ್ರೊಟೆಕ್ಷನ್ ಪೂರ್ತಿ ಆಫ್ ಮಾಡಿ ಅಂದವರ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಕೆಟ್ಟ ಡ್ರೈವರ್ (ಹಾರ್ಡ್‌ವೇರ್ ನಡೆಸುವ ಸಾಫ್ಟ್‌ವೇರ್) ಒಂದು ಬಂದ ದಿನ ಅದೇ ಕೈಹಿಡಿಯುವುದು, ಅಲ್ವಾ?

ಇನ್ನೊಂದು ಹೈಬರ್ನೇಶನ್ ಫೈಲ್, ಅಂದರೆ ತೆರೆದಿರುವ ಕೆಲಸವನ್ನು ಡಿಸ್ಕ್‌ನಲ್ಲಿ ಉಳಿಸಿ ಕಂಪ್ಯೂಟರ್ ಆಫ್ ಮಾಡಲು ಬಳಸುವ ಫೈಲ್. ರ್‍ಯಾಮ್‌ನ ಶೇಕಡಾ 40ರಷ್ಟು ಗಾತ್ರ. ನನ್ನದು 16 ಜಿಬಿ, ಅಂದರೆ ಆರು ಜಿಬಿ ಚಿಲ್ಲರೆ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೈಬರ್ನೇಶನ್ ಆಫ್ ಮಾಡಿದೆ, ಫೈಲ್ ಹೋಯಿತು. ಜೊತೆಗೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ, ಇದು ಗೊತ್ತಿರಲಿ. ಬೂಟ್ ಸ್ವಲ್ಪ ನಿಧಾನ, ಅಷ್ಟೇ.

ಅಪ್‌ಗ್ರೇಡ್ ಆದ ಮೇಲೆ ಉಳಿಯುವ ಹಳೆಯ ವಿಂಡೋಸ್ ಫೋಲ್ಡರ್ ನನ್ನಲ್ಲಿ ಇರಲೇ ಇಲ್ಲ. ವಿಂಡೋಸ್ ತನ್ನದೇ ಘಟಕಗಳನ್ನು ಇಡುವ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್‌ಗೆ ಕೈ ಹಾಕಲಿಲ್ಲ, ಅದನ್ನು ಡಿಸ್ಕ್ ಕ್ಲೀನಪ್‌ಗೇ ಬಿಟ್ಟೆ. ಈಗ ಸುಮಾರು 30 ಜಿಬಿ ಖಾಲಿ ಇದೆ.