ಅಪ್‌ಡೇಟ್: ಮಂಗಳೂರಿನ ನೈಟ್ ಶಿಫ್ಟ್ ನೆಟ್‌ವರ್ಕ್ ಕೆಲಸಕ್ಕೆ ಜನ ಸಿಕ್ಕರು

ಮಂಗಳೂರಿನ ನಮ್ಮ ಸಣ್ಣ ಇಂಟರ್ನೆಟ್ ಕಂಪನಿಗೆ ರಾತ್ರಿಯಿಡೀ ನೆಟ್‌ವರ್ಕ್ ನೋಡಿಕೊಳ್ಳುವವರು ಬೇಕು, ಬಂದವರು ಯಾರೂ ನಿಲ್ಲುತ್ತಿಲ್ಲ ಎಂದು ಕೇಳಿದ್ದೆನಲ್ಲ? ಅಂತೂ ಒಬ್ಬರು ಸೇರಿದ್ದಾರೆ.

ಸಿಸಿಎನ್‌ಎ (ಸಿಸ್ಕೊ ಕಂಪನಿಯ ನೆಟ್‌ವರ್ಕ್ ಸರ್ಟಿಫಿಕೇಟ್) ಕಡ್ಡಾಯ ಮಾಡಿ ಎಂದು ನಿಮ್ಮಲ್ಲಿ ಕೆಲವರು ಕೊಟ್ಟ ಸಲಹೆ ನಮಗೆ ಆಗಿಬರಲಿಲ್ಲ. ಅದು ಇದ್ದವರಿಗೆಲ್ಲ ಬೆಂಗಳೂರೇ ಬೇಕು. ಸಂಬಳ ಜಾಸ್ತಿ ಹೇಳಿದಾಗ ಅರ್ಜಿ ಜಾಸ್ತಿ ಬಂದವು, ಅಷ್ಟೇ.

ಉಪಯೋಗಕ್ಕೆ ಬಂದದ್ದು "ಫೈಬರ್ ಜೋಡಿಸುವವರನ್ನೇ ಕೇಳಿ ನೋಡಿ" ಎಂದವರ ಮಾತು. ಈಗ ಸೇರಿದವರು ಸುರತ್ಕಲ್ ಕಡೆಯವರು, ಸ್ಪ್ಲೈಸಿಂಗ್ (ಫೈಬರ್ ತುದಿಗಳನ್ನು ಜೋಡಿಸುವ ಕೆಲಸ) ಮಾಡುತ್ತಿದ್ದರು. ಇಂಟರ್‌ವ್ಯೂನಲ್ಲಿ ಎಲ್ಲರಿಗೂ ಪರೀಕ್ಷೆಗೆಂದು ಒಂದು ಕಾಲ್ಪನಿಕ ಅಲಾರಂ ಕೊಟ್ಟಿದ್ದೆವು: ಒಂದೇ ಏರಿಯಾದ ಗ್ರಾಹಕರೆಲ್ಲ ಒಟ್ಟಿಗೆ ಆಫ್‌ಲೈನ್. ಉಳಿದವರು ರೀಸ್ಟಾರ್ಟ್ ಮಾಡೋಣ ಎಂದರು. ಇವರು ಕೇಳಿದ್ದು, "ಮನೆಗಳ ಮೋಡೆಮ್‌ಗಳಿಂದ ಡೈಯಿಂಗ್ ಗ್ಯಾಸ್ಪ್ ಬಂದಿದೆಯಾ, ಬರೀ ಸಿಗ್ನಲ್ ಹೋಗಿದೆಯಾ?" ಕರೆಂಟ್ ಹೋದರೆ ಮೋಡೆಮ್ ಆರುವ ಮೊದಲು ಆ ಸಂದೇಶ ಕಳಿಸುತ್ತದೆ. ಅದಿಲ್ಲದೆ ಎಲ್ಲ ಒಟ್ಟಿಗೆ ಹೋದರೆ ಫೈಬರ್ ತುಂಡಾಗಿರುವ ಸಾಧ್ಯತೆ ಹೆಚ್ಚು. ಬರೀ ಕರೆಂಟ್ ಹೋದದ್ದಾದರೆ ಸಿಡಿಲು ಮಳೆಯ ರಾತ್ರಿ ಲೈನಿನವರನ್ನು ಸುಮ್ನೆ ಎಬ್ಬಿಸುವುದು ತಪ್ಪುತ್ತದಲ್ವಾ ಮಾರಾಯ್ರೇ!

ಬಿಟ್ಟುಹೋದವರಿಗೆ ಫೋನ್ ಮಾಡಿ ಎಂದೂ ಒಬ್ಬರು ಹೇಳಿದ್ದರು. ಮಾಡಿದೆ. ನಿದ್ದೆಯ ತೊಂದರೆ ಎನ್ನುತ್ತಾರೆ ಅಂದುಕೊಂಡಿದ್ದೆ, ಅವರು ಹೇಳಿದ್ದು ಬಸ್ಸಿನ ಕಥೆ! ಹತ್ತಕ್ಕೆ ಶಿಫ್ಟ್ ಶುರುವಾದರೆ ಹಳ್ಳಿ ಕಡೆಯಿಂದ ಬರಲು ಬಸ್ಸಿಲ್ಲ, ರಿಕ್ಷಾಕ್ಕೇ ಸಂಬಳ ಹೋಗುತ್ತದೆ. ಈಗ ಎಂಟೂವರೆಗೇ ಶುರು ಮಾಡಿದ್ದೇವೆ. ವಾರಕ್ಕೊಮ್ಮೆ ಶಿಫ್ಟ್ ಬದಲಾಯಿಸುವ ಸಲಹೆಯನ್ನು ಹೊಸಬರೇ ಬೇಡವೆಂದರು, ಖಾಯಂ ರಾತ್ರಿಯೇ ಒಳ್ಳೆಯದಂತೆ.

ಅವರ ರಜೆಯ ದಿನಕ್ಕೆ ಇನ್ನೊಬ್ಬರು ಬೇಕು. ಹುಡುಕಾಟ ಈ ಸಲ ನೇರವಾಗಿ ಲೈನಿನವರಲ್ಲೇ.